ಕಮಿಷನ್ ಹಣ ಬರುವುದು ಯಾರ ಜೇಬಿನಿಂದ?

ಸುಳ್ಯ ತಾಲೂಕಿನ ಮರ್ಕಂಜ ಅಡಿಕೆಯನ್ನೇ ನೆಚ್ಚಿಕೊಂಡ ಊರು. ಸಂಪಾಜೆ, ಅರಂತೋಡು ಭಾಗದ ತೋಟಗಳನ್ನು ಹಲವು ವರ್ಷಗಳಿಂದ ಕಾಡುತ್ತಿರುವ ಹಳದಿ ಎಲೆ ರೋಗ ಇಲ್ಲಿನ ಕೃಷಿಕರನ್ನೂ ಬಿಟ್ಟಿಲ್ಲ. ಅದರ ಬೆನ್ನಿಗೇ ಎಲೆಚುಕ್ಕಿ ರೋಗದ ಭೀತಿಯೂ ಸೇರಿಕೊಂಡಿದೆ. ಸತ್ತ ಮರದ ಜಾಗದಲ್ಲಿ ಹೊಸ ಸಸಿ ನೆಟ್ಟರೂ ಫಸಲು ಕೈಗೆ ಬರಲು ವರ್ಷಗಟ್ಟಲೆ ಕಾಯಬೇಕು. ಸಾಲದ ಕಂತು ಮಾತ್ರ ಕಾಯುವುದಿಲ್ಲ. ಹೀಗಾಗಿ ‘ಉಪ ಆದಾಯ’ ಎಂಬ ಮಾತಿಗೆ ಈ ಭಾಗದ ಮನೆಗಳಲ್ಲಿ ಈಗ ವಿಶೇಷ ತೂಕ ಬಂದಿದೆ. ಜೇನು, ಕಾಳುಮೆಣಸು, ರಬ್ಬರ್, ಹೈನುಗಾರಿಕೆಗಳ ಸಾಲಿಗೆ ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ಸೇರಿದೆ. ಅದು ಕೈಯಲ್ಲಿರುವ ಮೊಬೈಲ್ ಫೋನು.

ಅಂತರ್ಜಾಲ ಸಂಪರ್ಕಕ್ಕಾಗಿ ಗುಡ್ಡ ಹತ್ತಬೇಕಾಗಿದ್ದ ಸೀಮೆಯಿದು. 2021ರ ಜೂನ್‌ನಲ್ಲಿ ಇದೇ ತಾಲೂಕಿನ ಗುತ್ತಿಗಾರು ಸಮೀಪದ ಬಳ್ಳಕ್ಕದಲ್ಲಿ ಸುರಿಯುವ ಮಳೆಯ ನಡುವೆ ರಸ್ತೆಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶದ ಗಮನ ಸೆಳೆದಿತ್ತು. ಅಷ್ಟು ಕಷ್ಟದಿಂದ ಹಳ್ಳಿಗೆ ಬಂದ ಸಂಪರ್ಕದ ಹಿಂದೆಯೇ ‘ಮನೆಯಲ್ಲೇ ಕುಳಿತು ಗಳಿಸಿ’ ಎಂಬ ಆಹ್ವಾನಗಳೂ ಬಂದಿವೆ.

ಈ ಆಹ್ವಾನಗಳು ಬರುವ ದಾರಿ ರಾಜ್ಯದ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೆಲಸಕ್ಕಿರುವ ತಂಗಿಯ ಮಗ ಹಬ್ಬಕ್ಕೆ ಊರಿಗೆ ಬರುತ್ತಾನೆ. ‘ಮಾವ, ನೀವು ಏನೂ ಮಾರುವುದು ಬೇಡ. ಒಂದು ಲಿಂಕ್ ಕಳುಹಿಸಿದರೆ ಸಾಕು, ಕಮಿಷನ್ ತಾನಾಗಿ ಬರುತ್ತದೆ. ನಾನಿದ್ದೇನಲ್ಲ’ ಎನ್ನುತ್ತಾನೆ. ಇದಕ್ಕೆ ‘ಅಫಿಲಿಯೇಟ್ ಮಾರ್ಕೆಟಿಂಗ್’ ಎಂಬ ಹೆಸರನ್ನೂ ಹೇಳುತ್ತಾನೆ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದಲ್ಲ. ಬಹುಪಾಲು ಸಂದರ್ಭಗಳಲ್ಲಿ ಅವನೂ ಇನ್ನೊಬ್ಬರ ಮಾತು ನಂಬಿ ಹಣ ಕಟ್ಟಿದವನೇ. ಅಫಿಲಿಯೇಟ್ ಮಾರ್ಕೆಟಿಂಗ್ ಎಂಬುದು ಪ್ರಾಮಾಣಿಕ ವ್ಯಾಪಾರವೂ ಹೌದು, ಅದೇ ಹೆಸರಿನ ಮರೆಯಲ್ಲಿ ನಡೆಯುವ ಹಳೆಯ ಸರಪಳಿ ವಂಚನೆಯೂ ಹೌದು. ಎರಡನ್ನೂ ಬೇರ್ಪಡಿಸಿ ನೋಡುವುದು ಹೇಗೆ ಎಂಬುದೇ ಪ್ರಶ್ನೆ.

ಅಸಲಿ ವ್ಯಾಪಾರದ ಸ್ವರೂಪ

ಅಡಿಕೆ ಬೆಳೆಗಾರರಿಗೆ ದಲ್ಲಾಳಿ ಹೊಸಬನಲ್ಲ. ಕೊಳ್ಳುವವನನ್ನು ಮಾರುವವನಿಗೆ ಗಂಟು ಹಾಕಿ, ವ್ಯಾಪಾರ ಕುದುರಿದರೆ ಮಾತ್ರ ಅವನು ದಲ್ಲಾಳಿ ಹಣ ಪಡೆಯುತ್ತಾನೆ. ಅಫಿಲಿಯೇಟ್ ಮಾರ್ಕೆಟಿಂಗ್ ಕೂಡ ಮೂಲತಃ ಇದೇ. ಅಮೆಜಾನ್ ಸಂಸ್ಥೆ ಅಮೆರಿಕದಲ್ಲಿ 1996ರಲ್ಲಿಯೇ ‘ಅಸೋಸಿಯೇಟ್ಸ್’ ಎಂಬ ಯೋಜನೆ ಆರಂಭಿಸಿತು. ಜಾಲತಾಣ ನಡೆಸುವವರು ಪುಸ್ತಕವೊಂದರ ಬಗ್ಗೆ ಬರೆದು, ಅಮೆಜಾನ್‌ನ ಆ ಪುಸ್ತಕದ ಪುಟಕ್ಕೆ ಕೊಂಡಿ ಕೊಡುತ್ತಿದ್ದರು. ಓದುಗ ಆ ಕೊಂಡಿಯ ಮೂಲಕ ಹೋಗಿ ಪುಸ್ತಕ ಕೊಂಡರೆ ಬರೆದವರಿಗೆ ಬೆಲೆಯ ಒಂದು ಪಾಲು ಸಿಗುತ್ತಿತ್ತು. ಇಂದು ಬಟ್ಟೆ, ಮೊಬೈಲ್, ವಿಮಾನ ಟಿಕೆಟ್, ಬ್ಯಾಂಕ್ ಕಾರ್ಡ್‌ಗಳವರೆಗೆ ಈ ಪದ್ಧತಿ ಹಬ್ಬಿದೆ. ಯೂಟ್ಯೂಬ್‌ನಲ್ಲಿ ಮಿಕ್ಸಿಯ ಗುಣದೋಷ ವಿವರಿಸುವವರು ವಿಡಿಯೊದ ಕೆಳಗೆ ಕೊಡುವ ಲಿಂಕ್ ಇದೇ ಬಗೆಯದು.

ಈ ವ್ಯಾಪಾರದ ಮೂರು ಲಕ್ಷಣಗಳನ್ನು ನೆನಪಿಡಬೇಕು. ಸೇರಲು ಶುಲ್ಕವಿಲ್ಲ. ಕಮಿಷನ್ ಸಿಗುವುದು ವಸ್ತು ಮಾರಾಟವಾದಾಗ ಮಾತ್ರ. ಆ ವಸ್ತುವನ್ನು ಕೊಳ್ಳುವವನು ಯೋಜನೆಯ ಸದಸ್ಯನಾಗಿರಬೇಕಿಲ್ಲ, ಅವನಿಗೆ ಮಿಕ್ಸಿ ಬೇಕಾಗಿದೆ, ಕೊಳ್ಳುತ್ತಾನೆ, ಅಷ್ಟೇ.

ನಾಲ್ಕನೆಯ ಲಕ್ಷಣವೂ ಒಂದಿದೆ, ಅದನ್ನು ಆಹ್ವಾನ ಕೊಡುವವರು ಹೇಳುವುದಿಲ್ಲ. ಇಲ್ಲಿ ಗಳಿಕೆ ಸಣ್ಣದು. ಉದಾಹರಣೆಗೆ ಶೇ 5ರ ಕಮಿಷನ್ ಇದೆ ಎಂದಿಟ್ಟುಕೊಂಡರೆ 2,000 ರೂಪಾಯಿಯ ಮಿಕ್ಸಿಯೊಂದು ಮಾರಾಟವಾದಾಗ ಸಿಗುವುದು 100 ರೂಪಾಯಿ. ತಿಂಗಳಿಗೆ 10,000 ರೂಪಾಯಿ ಬೇಕಾದರೆ 100 ಮಿಕ್ಸಿ ಮಾರಾಟವಾಗಬೇಕು. ಲಿಂಕ್ ಒತ್ತಿದ ಪ್ರತಿ ನೂರು ಮಂದಿಯಲ್ಲಿ ಇಬ್ಬರು ಕೊಂಡರೂ ತಿಂಗಳಿಗೆ 5,000 ಮಂದಿ ಆ ಲಿಂಕ್ ಒತ್ತಬೇಕು. ಜತೆಗೆ ದರ ನಿಗದಿಯ ಅಧಿಕಾರ ಕಂಪನಿಯ ಕೈಯಲ್ಲಿರುತ್ತದೆ. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ಮೇಲಿನ ಕಮಿಷನ್ ಅನ್ನು ಶೇ 8ರಿಂದ ಶೇ 3ಕ್ಕೆ ಇಳಿಸಿದಾಗ ಅದನ್ನೇ ನಂಬಿದ್ದವರು ಕಂಗಾಲಾದರು. ವರ್ಷಗಳ ಕಾಲ ಓದುಗರನ್ನೋ ನೋಡುಗರನ್ನೋ ಗಳಿಸಿಕೊಂಡವರಿಗೆ ಮಾತ್ರ ಇದು ಕೈಹಿಡಿಯುವ ಕಸುಬು. ‘ಏನೂ ಮಾಡದೆ ತಿಂಗಳಿಗೆ ಅರ್ಧ ಲಕ್ಷ’ ಎಂಬ ಮಾತು ಕೇಳಿಬಂದ ಕ್ಷಣವೇ ಅದು ಈ ವ್ಯಾಪಾರದ ಬಗ್ಗೆ ಆಡಿದ ಮಾತಲ್ಲ ಎಂದು ತಿಳಿಯಬೇಕು.

ಹೆಸರು ಹೊಸದು, ಹೂಟ ಹಳೆಯದು

ಕಳೆದ ಹದಿನೈದು ವರ್ಷಗಳ ಕೆಲವು ಪ್ರಕರಣಗಳನ್ನು ಸಾಲಾಗಿ ಇಟ್ಟು ನೋಡಿದರೆ ಮಾದರಿ ಸ್ಪಷ್ಟವಾಗುತ್ತದೆ.

2010ರಲ್ಲಿ ಸಿಂಗಪುರ ಮೂಲದ್ದೆಂದು ಹೇಳಿಕೊಂಡ ‘ಸ್ಪೀಕ್ ಏಷ್ಯಾ’ ಎಂಬ ಕಂಪನಿ ದೇಶದೆಲ್ಲೆಡೆ ಸದ್ದು ಮಾಡಿತು. 11,000 ರೂಪಾಯಿ ಕಟ್ಟಿ ಸದಸ್ಯರಾದರೆ ವಾರಕ್ಕೆ ಎರಡು ಆನ್‌ಲೈನ್ ಸಮೀಕ್ಷೆ ತುಂಬಿ ಹಣ ಗಳಿಸಬಹುದು, ಹೊಸಬರನ್ನು ಸೇರಿಸಿದರೆ ಪ್ರತ್ಯೇಕ ಕಮಿಷನ್ ಎಂಬುದು ಆಮಿಷ. ದೊಡ್ಡ ದೊಡ್ಡ ಕಂಪನಿಗಳು ತನ್ನ ಗ್ರಾಹಕರೆಂದು ಅದು ಹೇಳಿಕೊಂಡಿತು. 2011ರಲ್ಲಿ ಆ ಕಂಪನಿಗಳು ಸಂಬಂಧವನ್ನು ಅಲ್ಲಗಳೆದಾಗ ಕಟ್ಟಡ ಕುಸಿಯಿತು. ಸಮೀಕ್ಷೆಗೆ ಹಣ ಕೊಡುವ ಗ್ರಾಹಕರೇ ಇಲ್ಲವೆಂದ ಮೇಲೆ ಸದಸ್ಯರಿಗೆ ಸಿಗುತ್ತಿದ್ದ ಹಣ ಹೊಸ ಸದಸ್ಯರ 11,000 ರೂಪಾಯಿಗಳಲ್ಲದೆ ಬೇರೇನು? 2,000 ಕೋಟಿ ರೂಪಾಯಿಗೂ ಮೀರಿದ ವಂಚನೆಯ ಆರೋಪದ ಮೇಲೆ ಮುಂಬೈ ಪೊಲೀಸರು ತನಿಖೆ ನಡೆಸಿದರು.

2017ರ ಫೆಬ್ರುವರಿಯಲ್ಲಿ ನೊಯಿಡಾದ ‘ಸೋಷಿಯಲ್ ಟ್ರೇಡ್’ ಬಯಲಾಯಿತು. 5,750ರಿಂದ 57,500 ರೂಪಾಯಿವರೆಗೆ ಕಟ್ಟಿದವರಿಗೆ ಪ್ರತಿದಿನ ಕೆಲವು ಲಿಂಕ್‌ಗಳನ್ನು ಕೊಡಲಾಗುತ್ತಿತ್ತು. ಪ್ರತಿ ಕ್ಲಿಕ್ಕಿಗೆ 5 ರೂಪಾಯಿ. ಉತ್ತರ ಪ್ರದೇಶ ಪೊಲೀಸರ ವಿಶೇಷ ಕಾರ್ಯಪಡೆ ಲೆಕ್ಕ ಹಾಕಿದ ಮೊತ್ತ ಸುಮಾರು 3,700 ಕೋಟಿ ರೂಪಾಯಿ. ಜಾಹೀರಾತುದಾರರಿಂದ ಬಂದ ಹಣವನ್ನು ಹಂಚಲಾಗುತ್ತಿದೆ ಎಂದು ಸದಸ್ಯರು ನಂಬಿದ್ದರು. ಹಣ ಬರುತ್ತಿದ್ದುದು ಸದಸ್ಯರಿಂದಲೇ ಎಂದು ಪೊಲೀಸರು ಹೇಳಿದರು.

ಕರ್ನಾಟಕವೂ ಇದರಿಂದ ಹೊರತಲ್ಲ. 2020ರ ಕೊನೆಯಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ‘ಜಾ ಲೈಫ್‌ಸ್ಟೈಲ್’ ಎಂಬ ಕಂಪನಿಯ ಮೇಲೆ ಕ್ರಮ ಕೈಗೊಂಡರು. 1,109 ರೂಪಾಯಿ ಕಟ್ಟಿ ನೋಂದಾಯಿಸಿಕೊಂಡು ದಿನಕ್ಕೆ 60 ಜಾಹೀರಾತು ವೀಕ್ಷಿಸಿದರೆ ಹಣ, ಇತರರನ್ನು ಸೇರಿಸಿದರೆ ಇನ್ನಷ್ಟು ಹಣ ಎಂಬ ಆಮಿಷ ಒಡ್ಡಲಾಗಿತ್ತು ಎಂಬುದು ಆರೋಪ. 2022ರ ಅಕ್ಟೋಬರ್‌ನಲ್ಲಿ ಜಾರಿ ನಿರ್ದೇಶನಾಲಯ ‘ಕೀಪ್‌ಶೇರರ್’ ಆ್ಯಪ್ ಪ್ರಕರಣದಲ್ಲಿ ಬೆಂಗಳೂರಿನ 12 ಕಡೆ ಶೋಧ ನಡೆಸಿ 5.85 ಕೋಟಿ ರೂಪಾಯಿ ವಶಪಡಿಸಿಕೊಂಡಿತು. ಗಣ್ಯರ ವಿಡಿಯೊಗಳಿಗೆ ಲೈಕ್ ಒತ್ತಿ ಹಂಚಿಕೊಂಡರೆ ಪ್ರತಿ ವಿಡಿಯೊಗೆ 20 ರೂಪಾಯಿ ಎಂದು ನಿರುದ್ಯೋಗಿ ಯುವಕರಿಂದ ಮೊದಲೇ ಹಣ ಕಟ್ಟಿಸಿಕೊಳ್ಳಲಾಗಿತ್ತು. ಕೆಲವು ದಿನ ಹಣ ಜಮೆಯಾಯಿತು. ಬಳಿಕ ಆ್ಯಪ್ ಮಾಯವಾಯಿತು.

ಸಮೀಕ್ಷೆ, ಕ್ಲಿಕ್, ಜಾಹೀರಾತು, ಲೈಕ್. ಪ್ರತಿ ಬಾರಿಯೂ ‘ಕೆಲಸ’ದ ಹೆಸರು ಬದಲಾಗಿದೆ. ಬದಲಾಗದಿರುವುದು ಮೊದಲು ಹಣ ಕಟ್ಟಬೇಕೆಂಬ ಷರತ್ತು. ಕರಾವಳಿಯ ಜನರಿಗೆ ಇದು ತೀರಾ ಅಪರಿಚಿತವೂ ಅಲ್ಲ. ತಿಂಗಳ ಕಂತು ಕಟ್ಟಿಸಿಕೊಂಡು ಬೈಕು, ಕಾರಿನ ಆಸೆ ತೋರಿಸುವ ‘ಲಕ್ಕಿ ಸ್ಕೀಮ್’ಗಳ ಏಜೆಂಟರು ಇಲ್ಲಿನ ಪೇಟೆಗಳಲ್ಲಿ ಮನೆಮಾತು. ಅಂದು ಏಜೆಂಟ್ ಕಾರ್ಡ್ ಹಿಡಿದು ಮನೆಗೆ ಬರುತ್ತಿದ್ದ, ಇಂದು ಲಿಂಕ್ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ.

ವಂಚನೆಗೆ ‘ಅಫಿಲಿಯೇಟ್’ ಎಂಬ ಪದವನ್ನೇ ಬಳಸಿಕೊಂಡ ದೊಡ್ಡ ಉದಾಹರಣೆ ಅಮೆರಿಕದ್ದು. ಉತ್ತರ ಕೆರೊಲಿನಾದ ‘ಝೀಕ್ ರಿವಾರ್ಡ್ಸ್’ ತನ್ನ ಸದಸ್ಯರನ್ನು ಅಫಿಲಿಯೇಟ್‌ಗಳೆಂದೇ ಕರೆಯಿತು. ದಿನಕ್ಕೊಂದು ಜಾಹೀರಾತನ್ನು ಅಂತರ್ಜಾಲದಲ್ಲಿ ಹಾಕಿದರೆ ಕಂಪನಿಯ ಹರಾಜು ವ್ಯಾಪಾರದ ಲಾಭದಲ್ಲಿ ಪಾಲು ಎಂದು ನಂಬಿಸಿತು. 2012ರ ಆಗಸ್ಟ್‌ನಲ್ಲಿ ಅಲ್ಲಿನ ಷೇರು ನಿಯಂತ್ರಣ ಸಂಸ್ಥೆ ಅದನ್ನು ಮುಚ್ಚಿಸಿದಾಗ 60 ಕೋಟಿ ಡಾಲರ್ ಮೊತ್ತದ, ಸುಮಾರು 10 ಲಕ್ಷ ಜನರನ್ನು ಒಳಗೊಂಡ ವಂಚನೆ ಬೆಳಕಿಗೆ ಬಂತು. ಕಂಪನಿಯ ಆದಾಯದಲ್ಲಿ ಶೇ 98ರಷ್ಟು ಬಂದಿದ್ದು ಹೊಸ ಸದಸ್ಯರ ಹೂಡಿಕೆಯಿಂದ ಎಂದು ಆ ಸಂಸ್ಥೆ ಹೇಳಿತು. ಹರಾಜು ವ್ಯಾಪಾರ ಇದ್ದುದು ನಿಜ, ಆದರೆ ಅದು ಅಂಗಡಿಯ ಮುಂದಿನ ಫಲಕದಷ್ಟೇ ನಿಜ.

‘ಕೋರ್ಸ್’ ಎಂಬ ಹೊಸ ವೇಷ

ಇತ್ತೀಚಿನ ವರ್ಷಗಳಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಹೆಚ್ಚಾಗಿ ಸೆಳೆಯುತ್ತಿರುವುದು ಇನ್ನೊಂದು ಬಗೆ. ಇಲ್ಲಿ ಮಾರಾಟದ ವಸ್ತು ಒಂದು ಆನ್‌ಲೈನ್ ಕೋರ್ಸ್. ಕೋರ್ಸಿನ ವಿಷಯ ಹೆಚ್ಚಾಗಿ ‘ಅಫಿಲಿಯೇಟ್ ಮಾರ್ಕೆಟಿಂಗ್ ಮಾಡುವುದು ಹೇಗೆ’ ಎಂಬುದೇ. ಕೊಂಡವನಿಗೆ ಅದೇ ಕೋರ್ಸನ್ನು ಇತರರಿಗೆ ಮಾರುವ ಹಕ್ಕು ಸಿಗುತ್ತದೆ, ಬೆಲೆಯ ದೊಡ್ಡ ಪಾಲು ಕಮಿಷನ್ ರೂಪದಲ್ಲಿ ಬರುತ್ತದೆ. ಬಾಡಿಗೆ ಕಾರಿನ ಪಕ್ಕ ನಿಂತ ಫೋಟೊ, ‘ನಿನ್ನೆ ಒಂದೇ ದಿನ ಇಷ್ಟು ಬಂತು’ ಎಂಬ ಪರದೆಯ ಚಿತ್ರ, ಪಂಚತಾರಾ ಹೋಟೆಲಿನ ಸನ್ಮಾನ ಸಮಾರಂಭ ಇವೆಲ್ಲ ಇದರ ಪ್ರಚಾರ ಸಾಮಗ್ರಿ.

ಎಲ್ಲ ಆನ್‌ಲೈನ್ ಕೋರ್ಸ್‌ಗಳೂ ಮೋಸವಲ್ಲ. ಪರೀಕ್ಷೆ ಸರಳವಾಗಿದೆ. ಇತರರಿಗೆ ಮಾರುವ ಹಕ್ಕನ್ನು ಕಿತ್ತುಕೊಂಡರೂ ಆ ಕೋರ್ಸನ್ನು ಆ ಬೆಲೆಗೆ ಯಾರಾದರೂ ಕೊಳ್ಳುತ್ತಾರೆಯೇ? ಟ್ಯಾಲಿ ಕಲಿಸುವ ಕೋರ್ಸನ್ನು ಲೆಕ್ಕಪತ್ರ ಕಲಿಯಬೇಕಾದವನು ಕೊಳ್ಳುತ್ತಾನೆ, ಮರುಮಾರಾಟದ ಯೋಚನೆ ಅವನಿಗಿಲ್ಲ. ಆದರೆ ಕೊಂಡವರೆಲ್ಲರೂ ಮಾರುವುದಕ್ಕಾಗಿಯೇ ಕೊಳ್ಳುವ ವಸ್ತುವಿಗೆ ನಿಜವಾದ ಗ್ರಾಹಕನೇ ಇರುವುದಿಲ್ಲ. ಕೋರ್ಸಿನ ಬೆಲೆ 3,000 ರೂಪಾಯಿ, ಕಮಿಷನ್ 2,100 ರೂಪಾಯಿ ಎಂದಿಟ್ಟುಕೊಂಡರೆ ಕಟ್ಟಿದ ಹಣ ಮರಳಿ ಬರಲು ಇಬ್ಬರನ್ನು ಹಿಡಿಯಬೇಕು. ಆ ಇಬ್ಬರು ನಾಲ್ವರನ್ನು, ಆ ನಾಲ್ವರು ಎಂಟು ಮಂದಿಯನ್ನು ಹುಡುಕಬೇಕು. ಕೋರ್ಸ್ ಎಂಬುದು ಇಲ್ಲಿ ಪ್ರವೇಶ ಶುಲ್ಕದ ರಸೀದಿ ಮಾತ್ರ.

ಅಮೆರಿಕದ ಫೆಡರಲ್ ವ್ಯಾಪಾರ ಆಯೋಗ 2018ರ ಜೂನ್‌ನಲ್ಲಿ ‘ಮೋಬಿ’ ಎಂಬ ಸಂಸ್ಥೆಯ ವಿರುದ್ಧ ಹೂಡಿದ ಮೊಕದ್ದಮೆ ಇದೇ ಬಗೆಯದು. 49 ಡಾಲರ್‌ನ ಆರಂಭಿಕ ಪಾಠದಿಂದ ಒಳಬಂದವರಿಗೆ ಸಾವಿರಾರು ಡಾಲರ್ ಬೆಲೆಯ ಸದಸ್ಯತ್ವಗಳನ್ನು ಒಂದರ ಮೇಲೊಂದು ಮಾರಲಾಯಿತು. ಅವರಿಗೆ ಕಮಿಷನ್ ಸಿಗುತ್ತಿದ್ದುದು ಅದೇ ಸದಸ್ಯತ್ವಗಳನ್ನು ಇನ್ನೊಬ್ಬರಿಗೆ ಮಾರಿದಾಗ. ಒಟ್ಟು ವಸೂಲಾದ ಹಣ 12.5 ಕೋಟಿ ಡಾಲರಿಗೂ ಹೆಚ್ಚು ಎಂದು ಆಯೋಗ ಆಪಾದಿಸಿತು.

ಹತ್ತನೆಯ ಹಂತಕ್ಕೆ ಇಡೀ ಕರ್ನಾಟಕ

ಸರಪಳಿ ಯೋಜನೆ ಏಕೆ ಮುರಿದುಬೀಳಲೇಬೇಕು ಎಂಬುದಕ್ಕೆ ಕಾನೂನಿನ ಪಾಂಡಿತ್ಯ ಬೇಕಿಲ್ಲ, ಗುಣಾಕಾರ ಸಾಕು. ಪ್ರತಿಯೊಬ್ಬ ಸದಸ್ಯ ಆರು ಮಂದಿಯನ್ನು ಸೇರಿಸಬೇಕೆಂದು ಭಾವಿಸೋಣ. ಮೊದಲ ಹಂತದಲ್ಲಿ 6, ಎರಡನೆಯದರಲ್ಲಿ 36, ಮೂರನೆಯದರಲ್ಲಿ 216, ನಾಲ್ಕನೆಯದರಲ್ಲಿ 1,296. ಸಣ್ಣ ಗ್ರಾಮವೊಂದರ ದುಡಿಯುವ ವಯಸ್ಸಿನವರನ್ನೆಲ್ಲ ಸೇರಿಸಿಕೊಳ್ಳಲು ನಾಲ್ಕೈದು ಹಂತ ಸಾಕು. ಹತ್ತನೆಯ ಹಂತಕ್ಕೆ ಬೇಕಾದವರು 6,04,66,176 ಮಂದಿ. 2011ರ ಜನಗಣತಿಯಂತೆ ಕರ್ನಾಟಕದ ಒಟ್ಟು ಜನಸಂಖ್ಯೆ 6.11 ಕೋಟಿ. ಹಾಲುಗಲ್ಲದ ಕೂಸಿನಿಂದ ಹಾಸಿಗೆ ಹಿಡಿದ ಮುದುಕರವರೆಗೆ ರಾಜ್ಯದ ಎಲ್ಲರೂ ಹತ್ತನೆಯ ಹಂತದಲ್ಲೇ ಮುಗಿದುಹೋಗುತ್ತಾರೆ. ಹದಿಮೂರನೆಯ ಹಂತಕ್ಕೆ ಭೂಮಿಯ ಮೇಲಿನ ಜನರೇ ಸಾಲರು.

ಇದಕ್ಕಿಂತ ಕ್ರೂರವಾದ ಲೆಕ್ಕ ಇನ್ನೊಂದಿದೆ. ಸರಪಳಿ ಯಾವುದೇ ಹಂತದಲ್ಲಿ ನಿಲ್ಲಲಿ, ಆ ಹೊತ್ತಿಗೆ ಕೊನೆಯ ಸಾಲಿನಲ್ಲಿರುವವರ ಕೆಳಗೆ ಯಾರೂ ಇರುವುದಿಲ್ಲ. ಆರರ ಲೆಕ್ಕದಲ್ಲಿ ಹೀಗೆ ಕೊನೆಯ ಸಾಲಿನಲ್ಲಿ ಉಳಿಯುವವರು ಪ್ರತಿ ನೂರರಲ್ಲಿ 83 ಮಂದಿ. ಅವರು ಸೋಮಾರಿಗಳೂ ಅಲ್ಲ, ದಡ್ಡರೂ ಅಲ್ಲ, ತಡವಾಗಿ ಬಂದವರು ಮಾತ್ರ. ‘ಶ್ರಮಪಡದವರಷ್ಟೇ ಸೋಲುತ್ತಾರೆ’ ಎಂದು ವೇದಿಕೆಯ ಮೇಲಿಂದ ಹೇಳುವ ಮಾತು ಇದನ್ನು ಮುಚ್ಚಿಡುತ್ತದೆ. ಕಾನೂನುಬದ್ಧವಾಗಿ ನಡೆಯುವ ಬಹುಹಂತದ ಮಾರಾಟ ಕಂಪನಿಗಳಲ್ಲಿಯೂ ಗಳಿಕೆ ಎಷ್ಟು ತೆಳುವಾಗಿದೆ ಎಂಬುದನ್ನು ಅಮೆರಿಕದ ಅದೇ ವ್ಯಾಪಾರ ಆಯೋಗ 2024ರ ಸೆಪ್ಟೆಂಬರ್‌ನ ವರದಿಯಲ್ಲಿ ತೋರಿಸಿದೆ. ಕಂಪನಿಗಳೇ ಪ್ರಕಟಿಸಿದ 70 ಆದಾಯ ವಿವರಗಳನ್ನು ಪರಿಶೀಲಿಸಿದಾಗ ಬಹುಪಾಲು ಸದಸ್ಯರ ವಾರ್ಷಿಕ ಗಳಿಕೆ 1,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಎಂದು ಕಂಡುಬಂತು. ಖರ್ಚು ಕಳೆಯುವ ಮೊದಲಿನ ಲೆಕ್ಕವಿದು.

ಗುರುತಿಸುವ ಬಗೆ

ಈ ಹಿನ್ನೆಲೆಯಲ್ಲಿ ಯಾವುದೇ ಯೋಜನೆಗೆ ಕೈಹಾಕುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ. ನನಗೆ ಬರುವ ಕಮಿಷನ್ ಯಾರ ಜೇಬಿನಿಂದ ಬರುತ್ತದೆ? ವಸ್ತು ಬೇಕಾಗಿ ಕೊಂಡ ಗ್ರಾಹಕನಿಂದ ಎಂದಾದರೆ ಮುಂದಿನ ವಿಚಾರ. ನನ್ನ ನಂತರ ಸೇರುವವನ ಜೇಬಿನಿಂದ ಎಂದಾದರೆ ಅಲ್ಲಿಗೇ ನಿಲ್ಲಿಸುವುದು ಲೇಸು. ಉತ್ತರ ಕೊಡದೆ ‘ಮೊದಲು ಮೀಟಿಂಗಿಗೆ ಬನ್ನಿ, ಎಲ್ಲ ಗೊತ್ತಾಗುತ್ತದೆ’ ಎಂದರೆ ಅದೂ ಒಂದು ಉತ್ತರವೇ.

ಉಳಿದ ಲಕ್ಷಣಗಳು ಇದನ್ನೇ ಹಿಂಬಾಲಿಸುತ್ತವೆ.

ಸೇರಲು ಹಣ: ನೋಂದಣಿ ಶುಲ್ಕ, ಕಿಟ್, ತರಬೇತಿ, ‘ಮರಳಿಸಲಾಗುವ ಠೇವಣಿ’ ಹೀಗೆ ಯಾವ ಹೆಸರಿನಲ್ಲಿ ಕೇಳಿದರೂ ಅದು ಪ್ರವೇಶ ಶುಲ್ಕವೇ. ಹೆಚ್ಚು ಕಟ್ಟಿದವನಿಗೆ ಹೆಚ್ಚು ಕಮಿಷನ್ ದರ ಎಂಬ ‘ಸಿಲ್ವರ್’, ‘ಗೋಲ್ಡ್’, ‘ಡೈಮಂಡ್’ ದರ್ಜೆಗಳಿದ್ದರೆ ಅನುಮಾನ ಇಮ್ಮಡಿಯಾಗಬೇಕು.

ಮೊದಲು ಕೊಟ್ಟು ನಂಬಿಸುವುದು: ಆರಂಭದಲ್ಲಿ ನೂರಿನ್ನೂರು ರೂಪಾಯಿ ಖಾತೆಗೆ ಬರುವುದು ಪ್ರಾಮಾಣಿಕತೆಯ ಪುರಾವೆಯಲ್ಲ. ಟೆಲಿಗ್ರಾಂ ಮೂಲಕ ನಡೆಯುವ ‘ಟಾಸ್ಕ್’ ವಂಚನೆಗಳೆಲ್ಲ ಹೀಗೆಯೇ ಆರಂಭವಾಗುತ್ತವೆ. ಬಳಿಕ ದೊಡ್ಡ ಮೊತ್ತ ಕಟ್ಟಿಸಿಕೊಂಡು, ಅದನ್ನು ಬಿಡಿಸಿಕೊಳ್ಳಲು ‘ತೆರಿಗೆ’ಯೆಂದು ಇನ್ನಷ್ಟು ಕೇಳುತ್ತಾರೆ. ಇಂತಹ 100ಕ್ಕೂ ಹೆಚ್ಚು ಜಾಲತಾಣಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ನಿರ್ಬಂಧಿಸಿತು. ತೆರಿಗೆಯನ್ನು ಕಂಪನಿ ಕಮಿಷನ್‌ನಲ್ಲೇ ಮುರಿದುಕೊಳ್ಳುತ್ತದೆಯೇ ಹೊರತು ಸದಸ್ಯನಿಂದ ಮುಂಗಡ ಕೇಳುವುದಿಲ್ಲ.

ಕಾಗದಪತ್ರಗಳ ಪ್ರದರ್ಶನ: ಕಂಪನಿ ನೋಂದಣಿ ಪ್ರಮಾಣಪತ್ರ, ಜಿಎಸ್‌ಟಿ ಸಂಖ್ಯೆಗಳನ್ನು ತೋರಿಸಿ ‘ಸರ್ಕಾರದ ಅನುಮತಿ ಇದೆ’ ಎನ್ನುವುದು ಸಾಮಾನ್ಯ. ಕಂಪನಿಯನ್ನು ಯಾರು ಬೇಕಾದರೂ ನೋಂದಾಯಿಸಬಹುದು. ಅದು ಜನರಿಂದ ಹಣ ಸಂಗ್ರಹಿಸಲು ಕೊಟ್ಟ ಪರವಾನಗಿಯಲ್ಲ.

ಹಣ ಪಾವತಿಯ ಷರತ್ತು: ಸೇರುವಾಗ ಕಾಣದ ಷರತ್ತು ಹಣ ತೆಗೆಯುವಾಗ ಕಾಣಿಸಿಕೊಳ್ಳುತ್ತದೆ. ಕನಿಷ್ಠ ಮೊತ್ತ ತಲುಪಬೇಕು, ಇನ್ನಿಬ್ಬರನ್ನು ಸೇರಿಸಬೇಕು, ‘ವಾಲೆಟ್’ನಲ್ಲಿರುವ ಹಣದಿಂದ ಇನ್ನೊಂದು ಪ್ಯಾಕೇಜ್ ಕೊಳ್ಳಬೇಕು ಎಂಬಂತಹವು. ಪರದೆಯ ಮೇಲೆ ಬೆಳೆಯುವ ಅಂಕಿ ಹಣವಲ್ಲ, ಬ್ಯಾಂಕ್ ಖಾತೆಗೆ ಬಂದದ್ದಷ್ಟೇ ಹಣ.

ನಿಜವಾದ ವಸ್ತುವಿನ ನೆಪ: ವಸ್ತು ಇದ್ದಮಾತ್ರಕ್ಕೆ ಯೋಜನೆ ಅಸಲಿಯಾಗುವುದಿಲ್ಲ. ಅಮೆರಿಕದ ‘ಬರ್ನ್‌ಲೌಂಜ್’ ಅಂತರ್ಜಾಲದಲ್ಲಿ ನಿಜವಾಗಿಯೂ ಸಂಗೀತ ಮಾರುತ್ತಿತ್ತು. ಆದರೆ ಸದಸ್ಯರಿಗೆ ಹಣ ಬರುತ್ತಿದ್ದುದು ಹೊಸ ಸದಸ್ಯರಿಗೆ ಮಾರಿದ ದುಬಾರಿ ಪ್ಯಾಕೇಜುಗಳಿಂದ ಎಂಬ ಕಾರಣಕ್ಕೆ 2014ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದನ್ನು ಪಿರಮಿಡ್ ಯೋಜನೆಯೆಂಬ ತೀರ್ಪನ್ನು ಎತ್ತಿಹಿಡಿಯಿತು. ಪೇಟೆಯಲ್ಲಿ 300 ರೂಪಾಯಿಗೆ ಸಿಗುವಂತಹ ವಸ್ತುವಿಗೆ ಯೋಜನೆಯೊಳಗೆ 3,000 ರೂಪಾಯಿ ಇದ್ದರೆ ಉಳಿದ 2,700 ಯಾವುದರ ಬೆಲೆ ಎಂದು ಕೇಳಬೇಕು.

ಕಾನೂನು ಏನು ಹೇಳುತ್ತದೆ?

ಕಾನೂನು ಇಲ್ಲವೆಂದಲ್ಲ. 1978ರ ಪ್ರೈಜ್ ಚಿಟ್ಸ್ ಮತ್ತು ಹಣ ಪರಿಚಲನಾ ಯೋಜನೆಗಳ ನಿಷೇಧ ಕಾಯ್ದೆ ಸದಸ್ಯರ ಸೇರ್ಪಡೆಯನ್ನು ಆಧರಿಸಿ ಸುಲಭದ ಹಣ ಕೊಡುವ ಯಾವುದೇ ಯೋಜನೆಯನ್ನು, ಅದರ ಹೆಸರು ಏನೇ ಇರಲಿ, ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ. ಬಹಳ ಮಂದಿ ಗಮನಿಸದ ಅಂಶವೆಂದರೆ ಕಾಯ್ದೆಯ 3ನೇ ಕಲಮು ಯೋಜನೆ ನಡೆಸುವುದನ್ನು ಮಾತ್ರವಲ್ಲ, ಸದಸ್ಯನಾಗಿ ಸೇರುವುದನ್ನೂ ಭಾಗವಹಿಸುವುದನ್ನೂ ನಿಷೇಧಿಸಿದೆ. ಮಾವನನ್ನು ಸೇರಿಸಿದ ಸೋದರಳಿಯ ಕಾನೂನಿನ ಕಣ್ಣಿನಲ್ಲಿ ಬರಿಯ ಬಲಿಪಶು ಅಲ್ಲದೆಯೂ ಇರಬಹುದು.

2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನೇರ ಮಾರಾಟ ಮಾರ್ಗಸೂಚಿಯಲ್ಲಿ ಪ್ರವೇಶ ಶುಲ್ಕಕ್ಕೆ, ಸದಸ್ಯರನ್ನು ಸೇರಿಸಿದ್ದಕ್ಕೆ ಸಂಭಾವನೆ ಕೊಡುವುದಕ್ಕೆ ಅವಕಾಶವಿಲ್ಲ. 2021ರ ಡಿಸೆಂಬರ್‌ನಲ್ಲಿ ಬಂದ ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳು ಪಿರಮಿಡ್ ಮತ್ತು ಹಣ ಪರಿಚಲನಾ ಯೋಜನೆಗಳನ್ನು ಸ್ಪಷ್ಟವಾಗಿ ನಿಷೇಧಿಸಿದವು. ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧಕ್ಕೆ 2019ರ ಕೇಂದ್ರ ಕಾಯ್ದೆಯಿದೆ, ಠೇವಣಿದಾರರ ಹಿತ ಕಾಯಲು ಕರ್ನಾಟಕದ್ದೇ 2004ರ ಕಾಯ್ದೆಯಿದೆ. ಲಾಭ ಪಡೆದು ವಸ್ತುವನ್ನು ಹೊಗಳುವ ಯೂಟ್ಯೂಬರ್‌ಗಳು, ಇನ್‌ಸ್ಟಾಗ್ರಾಂ ಪ್ರಭಾವಿಗಳು ಆ ಸಂಬಂಧವನ್ನು ಬಹಿರಂಗಪಡಿಸಲೇಬೇಕೆಂದು 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಸೂಚಿಸಿದೆ. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಇಷ್ಟೆಲ್ಲ ಇದ್ದರೂ ಕಾನೂನು ಬಹುತೇಕ ಸಂದರ್ಭಗಳಲ್ಲಿ ಯೋಜನೆ ಕುಸಿದ ಮೇಲೆಯೇ ಎಚ್ಚರಗೊಳ್ಳುತ್ತದೆ. ಹಣ ಬರುತ್ತಿರುವವರೆಗೆ ಯಾರೂ ದೂರು ಕೊಡುವುದಿಲ್ಲ. ನಿಂತ ಮೇಲೆ ದೂರು ಕೊಡುವ ಹೊತ್ತಿಗೆ ಹಣ ಹತ್ತಾರು ಖಾತೆ ದಾಟಿ, ಕೆಲವೊಮ್ಮೆ ದೇಶವನ್ನೇ ದಾಟಿ ಹೋಗಿರುತ್ತದೆ. ಕೀಪ್‌ಶೇರರ್ ಪ್ರಕರಣದಲ್ಲಿ ಹಣ ಕ್ರಿಪ್ಟೊ ಕರೆನ್ಸಿಯಾಗಿ ಪರಿವರ್ತನೆಗೊಂಡಿತ್ತು ಎಂದು ಜಾರಿ ನಿರ್ದೇಶನಾಲಯ ಹೇಳಿದ್ದು ಇದಕ್ಕೆ ನಿದರ್ಶನ.

ದೂರು ಏಕೆ ಬರುವುದಿಲ್ಲ?

ಮರ್ಕಂಜದಂತಹ ಊರುಗಳಲ್ಲಿ ಈ ವಂಚನೆ ಮಾಡುವ ಗಾಯ ಹಣದ್ದಷ್ಟೇ ಅಲ್ಲ. ಬ್ಯಾಂಕಿನ ಹೆಸರಿನಲ್ಲಿ ಫೋನ್ ಮಾಡಿ ಒಟಿಪಿ ಕೇಳುವವನು ಅಪರಿಚಿತ, ಅವನನ್ನು ಶಪಿಸಬಹುದು, ಠಾಣೆಗೆ ಹೋಗಬಹುದು. ಸರಪಳಿ ಯೋಜನೆಯಲ್ಲಿ ಹಣ ಕಟ್ಟಿಸಿಕೊಂಡವನು ಮನೆಯವನೇ, ನೆರೆಮನೆಯವನೇ, ಮಗನ ಸಹಪಾಠಿಯೇ. ದೂರು ಕೊಟ್ಟರೆ ಸಂಬಂಧ ಕೆಡುತ್ತದೆ. ಕೊಡದಿದ್ದರೂ ಕೆಡುತ್ತದೆ. ತಾನೂ ನಾಲ್ವರನ್ನು ಸೇರಿಸಿದ್ದರೆ ದೂರು ಕೊಡುವುದಕ್ಕೆ ಬಾಯಿಯೇ ಬರುವುದಿಲ್ಲ. ಹೀಗೆ ನಷ್ಟವನ್ನು ನುಂಗಿಕೊಂಡು ಸುಮ್ಮನಾಗುವವರಿಂದಲೇ ಮುಂದಿನ ಯೋಜನೆಗೆ ದಾರಿ ಸುಗಮವಾಗುತ್ತದೆ. ಮದುವೆ, ಭೂತಕೋಲ, ಪೂಜೆಗಳಲ್ಲಿ ಮುಖಾಮುಖಿಯಾಗಲೇಬೇಕಾದ ಸಮಾಜದಲ್ಲಿ ಈ ಮೌನಕ್ಕೆ ತೆರುವ ಬೆಲೆ ಯಾವ ಆರೋಪಪಟ್ಟಿಯಲ್ಲೂ ದಾಖಲಾಗುವುದಿಲ್ಲ.

ಆದರೂ ದೂರು ಕೊಡುವುದೇ ಸರಿಯಾದ ದಾರಿ, ಅದೂ ಬೇಗನೆ. ಆನ್‌ಲೈನ್ ಮೂಲಕ ಹಣ ಹೋಗಿದ್ದರೆ ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು. ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣ ಮುಂದಿನ ಖಾತೆಗೆ ಹೋಗದಂತೆ ತಡೆಯುವ ಸಾಧ್ಯತೆ ಇದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ, ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬಹುದು. ಠೇವಣಿ ಸಂಗ್ರಹಿಸುವ ಸಂಸ್ಥೆಗಳ ಬಗ್ಗೆ ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲ್‌ನಲ್ಲಿ ವಿಚಾರಿಸಬಹುದು, ದೂರನ್ನೂ ಕೊಡಬಹುದು. ಹಣ ಕಟ್ಟಿದ ರಸೀದಿ, ವಾಟ್ಸ್‌ಆ್ಯಪ್ ಸಂದೇಶ, ಲಿಂಕ್, ಖಾತೆ ಸಂಖ್ಯೆಗಳನ್ನು ಅಳಿಸದೆ ಇಟ್ಟುಕೊಳ್ಳಬೇಕು. ಇನ್ನೂ ಮುಖ್ಯವಾದದ್ದು, ಕಳೆದುಕೊಂಡ ಹಣ ಹಿಂಪಡೆಯಲು ಹೊಸಬರನ್ನು ಸೇರಿಸುವ ಯೋಚನೆಯನ್ನು ಅಲ್ಲಿಗೇ ಕೈಬಿಡುವುದು. ನಷ್ಟ ಅಲ್ಲಿಗೆ ನಿಂತರೆ ಅದು ಒಂದು ಮನೆಯ ನಷ್ಟ, ಮುಂದುವರಿದರೆ ಊರಿನ ನಷ್ಟ.

ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗಾಲಾಗಿದ್ದ ಕಾಲವೊಂದನ್ನು ಈ ಸೀಮೆ ಹಿಂದೆಯೂ ಕಂಡಿದೆ. ಆಗ 1973ರಲ್ಲಿ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಅಲ್ಲಿಯೂ ಸದಸ್ಯರು ಪಾಲು ಹಣ ಹಾಕಿದರು, ಅಲ್ಲಿಯೂ ಒಬ್ಬರು ಇನ್ನೊಬ್ಬರನ್ನು ಸೇರಿಸಿದರು. ಆದರೆ ಅಲ್ಲಿ ಮಾರಾಟವಾದದ್ದು ಅಡಿಕೆ, ಕೊಂಡವನು ಹೊರಗಿನ ವ್ಯಾಪಾರಿ, ಲೆಕ್ಕ ಮಂಡನೆಯಾಗುತ್ತಿದ್ದುದು ಮಹಾಸಭೆಯ ಮುಂದೆ. ಹೊಸ ಸದಸ್ಯ ಬಾರದಿದ್ದರೂ ಹಳೆಯ ಸದಸ್ಯನ ಅಡಿಕೆಗೆ ಬೆಲೆ ಸಿಗುತ್ತಿತ್ತು. ಮೊಬೈಲಿನಲ್ಲಿ ಬಂದ ಯೋಜನೆಗೂ ಇದೇ ಅಳತೆಗೋಲನ್ನು ಹಿಡಿಯಬಹುದು. ನಾಳೆಯಿಂದ ಒಬ್ಬನೇ ಒಬ್ಬ ಹೊಸಬ ಸೇರದಿದ್ದರೂ ಈ ಯೋಜನೆ ನನಗೆ ಹಣ ಕೊಡುತ್ತದೆಯೇ? ಹಬ್ಬಕ್ಕೆ ಬಂದ ಸೋದರಳಿಯನನ್ನು ಮಾವ ಕೇಳಬೇಕಾದದ್ದು ಇಷ್ಟೇ. ಅವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಇಬ್ಬರೂ ಕೂಡಿ ಹುಡುಕುವುದು ಒಳ್ಳೆಯದು. ಉಳಿಯುವುದು ಮಾವನ ಹಣ ಮಾತ್ರವಲ್ಲ, ಅಳಿಯನ ಹಣವೂ ಉಳಿದೀತು.